ವಿಲ್ಲಿ ಮಿಚೆಲ್: ಮೆಂಫಿಸ್‌ನ ಮೆಲುದನಿಯನ್ನು ರೂಪಿಸಿದ ನಿರ್ಮಾಪಕ

1972ರ ಫೆಬ್ರುವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ‘ಲೆಟ್ಸ್ ಸ್ಟೇ ಟುಗೆದರ್’ ಎಂಬ ಹಾಡನ್ನು ಕೇಳಿದವರಿಗೆ ಅದನ್ನು ಹಾಡಿದವರು ಅಲ್ ಗ್ರೀನ್ ಎಂಬುದು ಗೊತ್ತಿರುತ್ತದೆ. ಆ ಹಾಡಿನ ಸ್ವರವಿನ್ಯಾಸಕ್ಕೆ ಅಡಿಪಾಯ ಹಾಕಿದವರು, ವಾದಕರನ್ನು ಆರಿಸಿ ಕೂರಿಸಿದವರು, ಜೋರಾಗಿ ಹಾಡುವ ಅಭ್ಯಾಸವಿದ್ದ ಗಾಯಕನನ್ನು ಪಿಸುಮಾತಿನ ಹತ್ತಿರಕ್ಕೆ ಕರೆತಂದವರು ವಿಲ್ಲಿ ಮಿಚೆಲ್ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಸೋಲ್ ಸಂಗೀತದ ಇತಿಹಾಸವನ್ನು ಗಾಯಕರ ಹೆಸರುಗಳ ಸಾಲಾಗಿ ಓದಿದರೆ ಇಂಥವರು ಪಕ್ಕಕ್ಕೆ ಸರಿದುಬಿಡುತ್ತಾರೆ. ಹೀಗಾಗಿ ಒಬ್ಬ ನಿರ್ಮಾಪಕರನ್ನೇ ಕೇಂದ್ರದಲ್ಲಿಟ್ಟುಕೊಂಡು ಅವರ ಬದುಕನ್ನೂ ಕೆಲಸದ ರೀತಿಯನ್ನೂ ಅರಿಯುವುದು ಈ ಟಿಪ್ಪಣಿಯ ಉದ್ದೇಶ. ಮಿಚೆಲ್ ಅವರ ಕೆಲಸದ ತಿರುಳು ಏನನ್ನು ಸೇರಿಸಬೇಕು ಎಂಬುದಕ್ಕಿಂತ ಏನನ್ನು ತಡೆಹಿಡಿಯಬೇಕು ಎಂಬ ತೀರ್ಮಾನದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ವಿವರಗಳನ್ನು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ಎರಡು ಹಿನ್ನೆಲೆಯ ಮಾತುಗಳು. ಸೋಲ್ ಸಂಗೀತವೆಂದರೆ, ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಗಾಯನವೂ ಕುಣಿತದ ಮನೆಗಳಲ್ಲಿ ಬೆಳೆದ ರಿದಮ್ ಆ್ಯಂಡ್ ಬ್ಲೂಸ್ ಶೈಲಿಯೂ ಕೂಡಿ 1950ರ ದಶಕದ ಉತ್ತರಾರ್ಧದಿಂದ ರೂಪು ಪಡೆದ ಹಾಡುಗಾರಿಕೆ. ಡೆಟ್ರಾಯಿಟ್ ನಗರದಲ್ಲಿ ಬೆರಿ ಗಾರ್ಡಿ ಅವರ ಮೋಟೌನ್, ಮೆಂಫಿಸ್‌ನಲ್ಲಿ ಸ್ಟ್ಯಾಕ್ಸ್, ಅಲಬಾಮಾ ರಾಜ್ಯದ ಮಸಲ್ ಶೋಲ್ಸ್‌ನಲ್ಲಿ ರಿಕ್ ಹಾಲ್ ಅವರ ಫೇಮ್ ಸ್ಟುಡಿಯೊ, ಮುಂದೆ ಫಿಲಡೆಲ್ಫಿಯಾದಲ್ಲಿ ಥಾಮ್ ಬೆಲ್ ಮತ್ತು ಅವರ ಸಂಗಡಿಗರು, ಹೀಗೆ ಊರಿಗೊಂದು ನಾದವೇ ಹುಟ್ಟಿಕೊಂಡಿತು. ಪ್ರತಿಯೊಂದರ ಹಿಂದೆಯೂ ನಿರ್ದಿಷ್ಟ ನಿರ್ಮಾಪಕರು, ನಿರ್ದಿಷ್ಟ ವಾದಕರ ತಂಡ ಮತ್ತು ನಿರ್ದಿಷ್ಟ ಕೋಣೆಯೊಂದು ಇದ್ದೇ ಇರುತ್ತದೆ.

ಎರಡನೆಯದಾಗಿ, ಧ್ವನಿಮುದ್ರಿಕೆಯ ನಿರ್ಮಾಪಕರು ಹಣ ಹೂಡುವವರೇ ಆಗಿರಬೇಕೆಂದಿಲ್ಲ. ಯಾವ ಗಾಯಕನಿಗೆ ಯಾವ ಹಾಡು ಹೊಂದುತ್ತದೆ, ಹಾಡಿನ ಕಾಲಪ್ರಮಾಣ ಎಷ್ಟಿರಬೇಕು, ಯಾವ ವಾದ್ಯ ಎಲ್ಲಿ ಬರಬೇಕು, ಮೈಕನ್ನು ಎಲ್ಲಿ ನಿಲ್ಲಿಸಬೇಕು, ಹತ್ತು ಸಲ ಹಾಡಿಸಿದ ಮೇಲೆ ಯಾವ ಸಲದ್ದನ್ನು ಉಳಿಸಿಕೊಳ್ಳಬೇಕು, ಕೊನೆಗೆ ಎಲ್ಲ ದನಿಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬ ತೀರ್ಮಾನಗಳೆಲ್ಲ ಅವರವು. ಮಿಚೆಲ್ ಇವುಗಳ ಜೊತೆಗೆ ಟ್ರಂಪೆಟ್ ವಾದಕರು, ವಾದ್ಯವೃಂದದ ನಾಯಕರು, ಸ್ವರ ಸಂಯೋಜಕರು ಮತ್ತು ಸ್ಟುಡಿಯೊ ಎಂಜಿನಿಯರ್ ಕೂಡ ಆಗಿದ್ದರು. ಈ ನಾಲ್ಕೂ ಕೆಲಸಗಳನ್ನು ಒಬ್ಬರೇ ಬಲ್ಲವರಾಗಿದ್ದರಿಂದಲೇ ಅವರ ಧ್ವನಿಮುದ್ರಿಕೆಗಳಲ್ಲಿ ಒಂದೇ ಕೈಯ ಗುರುತು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕಲಿಕೆಯ ವರ್ಷಗಳು

ಮಿಚೆಲ್ ಹುಟ್ಟಿದ್ದು 1928ರ ಮಾರ್ಚ್ 1ರಂದು, ಮಿಸಿಸಿಪಿ ರಾಜ್ಯದ ಆಶ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ; ಬೆಳೆದದ್ದು ಟೆನೆಸೀ ರಾಜ್ಯದ ಮೆಂಫಿಸ್‌ನಲ್ಲಿ. ಎಂಟನೆಯ ವಯಸ್ಸಿಗೇ ಟ್ರಂಪೆಟ್ ಕೈಗೆತ್ತಿಕೊಂಡ ಅವರು ಮೆಲ್ರೋಸ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಊರಿನ ದೊಡ್ಡ ವಾದ್ಯವೃಂದಗಳಲ್ಲಿ ನುಡಿಸತೊಡಗಿದ್ದರು. ಮುಂದೆ ಮಿಸಿಸಿಪಿಯ ಹಾಲಿ ಸ್ಪ್ರಿಂಗ್ಸ್‌ನಲ್ಲಿರುವ ರಸ್ಟ್ ಕಾಲೇಜಿಗೆ ಸೇರಿದರು. ಮೆಂಫಿಸ್‌ನ ಸಂಗೀತ ಶಿಕ್ಷಕ ಓಂಜಿ ಹಾರ್ನ್ ಅವರಿಂದ ಸ್ವರಮೇಳದ ಶಾಸ್ತ್ರವನ್ನೂ ವಾದ್ಯಸಂಯೋಜನೆಯನ್ನೂ ಕಲಿತರು. ಈ ಪಾಠದ ಮಹತ್ವವನ್ನು ಕಡಿಮೆ ಮಾಡಿ ನೋಡಬಾರದು. ಕಿವಿಯಿಂದ ಕಲಿತ ವಾದಕರೇ ಹೆಚ್ಚಾಗಿದ್ದ ಆ ಪರಿಸರದಲ್ಲಿ, ಯಾವ ಸ್ವರದ ಮೇಲೆ ಯಾವ ಸ್ವರವನ್ನು ಇರಿಸಿದರೆ ಎಂಥ ಭಾವ ಹುಟ್ಟುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಬಲ್ಲವರಾಗಿ ಅವರು ಬೆಳೆದರು.

1950ರ ದಶಕದಲ್ಲಿ ಅವರು ತಮ್ಮದೇ ತಂಡವನ್ನು ಕಟ್ಟಿದರು. ಪಿಯಾನೊ ವಾದಕ ಫಿನಿಯಸ್ ನ್ಯೂಬಾರ್ನ್ ಜೂನಿಯರ್, ಟ್ರಂಪೆಟ್ ವಾದಕ ಬೂಕರ್ ಲಿಟ್ಲ್, ಸ್ಯಾಕ್ಸೊಫೋನ್ ವಾದಕರಾದ ಜಾರ್ಜ್ ಕೋಲ್‌ಮನ್ ಮತ್ತು ಚಾರ್ಲ್ಸ್ ಲಾಯ್ಡ್ ಅವರಂಥವರು ಬೇರೆ ಬೇರೆ ಕಾಲದಲ್ಲಿ ಆ ತಂಡದಲ್ಲಿ ನುಡಿಸಿದ್ದರು. ಜಾಝ್ ಬಲ್ಲವರಿಗೆ ಇವು ದೊಡ್ಡ ಹೆಸರುಗಳು. ಮಿಚೆಲ್ ಅವರ ಮೂಲ ಒಲವು ಜಾಝ್ ಕಡೆಗೇ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಹೊಟ್ಟೆಪಾಡಿಗಾಗಿ ಅವರು ನುಡಿಸುತ್ತಿದ್ದದ್ದು ಕುಣಿಯಲು ಬಂದವರ ಮುಂದೆ. ಮಿಸಿಸಿಪಿ ನದಿಯಾಚೆ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್‌ನಲ್ಲಿದ್ದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಜನರನ್ನು ಕುಣಿಸಬೇಕಾಗಿತ್ತು. ಒಂದು ಕಡೆ ಜಾಝ್‌ನ ಸೂಕ್ಷ್ಮ ಸ್ವರಜೋಡಣೆ, ಇನ್ನೊಂದು ಕಡೆ ಕುಣಿಯುವವರ ಕಾಲಿಗೆ ತಪ್ಪದೆ ಸಿಗಬೇಕಾದ ಲಯ: ಮುಂದೆ ಅಲ್ ಗ್ರೀನ್ ಅವರ ಹಾಡುಗಳಲ್ಲಿ ನಾವು ಕೇಳುವುದು ಈ ಎರಡರ ಕೂಡಿಕೆಯನ್ನೇ.

ಅವರ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಅಲ್ ಜಾಕ್ಸನ್ ಜೂನಿಯರ್ ಮತ್ತು ಬೇಸ್ ನುಡಿಸುತ್ತಿದ್ದ ಲೂಯಿ ಸ್ಟೈನ್‌ಬರ್ಗ್ 1962ರಲ್ಲಿ ಸ್ಟ್ಯಾಕ್ಸ್ ಸಂಸ್ಥೆಯ ‘ಬೂಕರ್ ಟಿ. ಆ್ಯಂಡ್ ದಿ ಎಂಜೀಸ್’ ತಂಡದ ಮೂಲ ಸದಸ್ಯರಾದರು. ಮೆಂಫಿಸ್‌ನ ಸ್ಟ್ಯಾಕ್ಸ್ ಮತ್ತು ಮಿಚೆಲ್ ಮುಂದೆ ಸೇರಿದ ಹೈ ರೆಕಾರ್ಡ್ಸ್ ಸಂಸ್ಥೆಗಳನ್ನು ಪ್ರತಿಸ್ಪರ್ಧಿಗಳೆಂದು ಬರೆಯುವುದು ವಾಡಿಕೆ. ಆದರೆ ಸ್ಟ್ಯಾಕ್ಸ್‌ನ ಲಯದ ಬೆನ್ನೆಲುಬಾಗಿದ್ದ ಡ್ರಮ್ಮರ್ ಪಳಗಿದ್ದು ಮಿಚೆಲ್ ಅವರ ತಂಡದಲ್ಲಿ ಎಂಬುದನ್ನೂ, ಅದೇ ಜಾಕ್ಸನ್ ಮುಂದೆ ಮಿಚೆಲ್ ಅವರ ಮುದ್ರಣಗಳಿಗೆ ಮರಳಿ ಬಂದು ಬಾರಿಸಿದರು ಎಂಬುದನ್ನೂ ಓದುಗರು ಗುರುತು ಹಾಕಿಕೊಳ್ಳಬೇಕು.

ಹೈ ರೆಕಾರ್ಡ್ಸ್ ಮತ್ತು ರಾಯಲ್ ಸ್ಟುಡಿಯೊ

ಹೈ ರೆಕಾರ್ಡ್ಸ್ ಸಂಸ್ಥೆ 1957ರಲ್ಲಿ ಮೆಂಫಿಸ್‌ನಲ್ಲಿ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಪಾಪ್ಲರ್ ಟ್ಯೂನ್ಸ್ ಎಂಬ ರೆಕಾರ್ಡ್ ಅಂಗಡಿಯ ಜೋ ಕೂಗಿ ಮತ್ತು ರೇ ಹ್ಯಾರಿಸ್ ಮುಖ್ಯರು. ಆರಂಭದಲ್ಲಿ ಅದು ಸೋಲ್ ಸಂಸ್ಥೆಯೇ ಆಗಿರಲಿಲ್ಲ. ರಾಕಬಿಲಿ (ಕಂಟ್ರಿ ಮತ್ತು ರಾಕ್ ಆ್ಯಂಡ್ ರೋಲ್ ಬೆರೆತ ಶೈಲಿ) ಹಾಡುಗಳು ಮತ್ತು ಗಾಯನವಿಲ್ಲದ ವಾದ್ಯಸಂಗೀತ ಅದರ ಬಂಡವಾಳವಾಗಿದ್ದವು. ಎಲ್ವಿಸ್ ಪ್ರೆಸ್ಲಿ ಅವರ ಜೊತೆ ಬೇಸ್ ನುಡಿಸಿದ್ದ ಬಿಲ್ ಬ್ಲ್ಯಾಕ್ ಅವರ ತಂಡದ ‘ಸ್ಮೋಕಿ’ ಎಂಬ ವಾದ್ಯಗೀತೆ 1959ರಲ್ಲಿ ಸಂಸ್ಥೆಗೆ ಮೊದಲ ದೊಡ್ಡ ಗೆಲುವನ್ನು ತಂದಿತು.

1960ರ ದಶಕದ ಆರಂಭದಲ್ಲಿ ಮಿಚೆಲ್ ಇಲ್ಲಿಗೆ ಬಂದದ್ದು ವಾದಕರಾಗಿ. ಅವರ ಹೆಸರಿನಲ್ಲಿಯೇ ಹಲವು ವಾದ್ಯಗೀತೆಗಳು ಹೊರಬಂದವು. 1964ರ ‘20-75’ ಅವುಗಳಲ್ಲೊಂದು. ರೆಕಾರ್ಡಿನ ಕ್ರಮಸಂಖ್ಯೆ 2075 ಆಗಿದ್ದರಿಂದ ಹಾಡಿಗೂ ಅದೇ ಹೆಸರು ಬಂತು. 1968ರ ‘ಸೋಲ್ ಸೆರೆನೇಡ್’ ಅವರ ಹೆಸರಿನಲ್ಲಿ ಬಂದ ಮುದ್ರಿಕೆಗಳಲ್ಲಿ ಅತ್ಯಂತ ಜನಪ್ರಿಯವಾದದ್ದು. ಅದು ದೇಶದ ಪಾಪ್ ಪಟ್ಟಿಯಲ್ಲಿ 23ನೆಯ ಸ್ಥಾನ ತಲುಪಿತು. ಈ ವಾದ್ಯಗೀತೆಗಳನ್ನು ಅನೇಕರು ಬದಿಗಿಡುತ್ತಾರೆ. ಕಲಿಯುವವರು ಹಾಗೆ ಮಾಡಬಾರದು. ಗಾಯಕನಿಲ್ಲದೆಯೂ ಮೂರು ನಿಮಿಷ ಕೇಳುಗನನ್ನು ಹಿಡಿದಿಡಬೇಕಾದರೆ ಪ್ರತಿ ವಾದ್ಯವೂ ತನ್ನ ಜಾಗವನ್ನು ಅರಿತಿರಬೇಕು. ಮಿಚೆಲ್ ಆ ಶಿಸ್ತನ್ನು ತಮ್ಮ ತಂಡಕ್ಕೆ ಕಲಿಸಿದ್ದು ಈ ವರ್ಷಗಳಲ್ಲಿ.

ಸಂಸ್ಥೆಯ ಸ್ಟುಡಿಯೊ ಮೆಂಫಿಸ್‌ನ ದಕ್ಷಿಣ ಭಾಗದ ಸೌತ್ ಲಾಡರ್‌ಡೇಲ್ ಬೀದಿಯಲ್ಲಿತ್ತು, ಇಂದಿಗೂ ಅಲ್ಲೇ ಇದೆ. ರಾಯಲ್ ಎಂಬ ಹಳೆಯ ಚಿತ್ರಮಂದಿರವನ್ನು ಮಾರ್ಪಡಿಸಿ ಅದನ್ನು ಕಟ್ಟಲಾಗಿತ್ತು. ಸ್ಟ್ಯಾಕ್ಸ್ ಸಂಸ್ಥೆಯ ಸ್ಟುಡಿಯೊ ಕೂಡ ಹಳೆಯ ಚಿತ್ರಮಂದಿರವೇ ಆಗಿತ್ತು. ಪ್ರೇಕ್ಷಕರ ಆಸನಗಳಿಗಾಗಿ ಇಳಿಜಾರಾಗಿ ಹಾಕಿದ್ದ ನೆಲವನ್ನು ರಾಯಲ್‌ನಲ್ಲಿ ಸಮತಟ್ಟು ಮಾಡದೆ ಹಾಗೆಯೇ ಉಳಿಸಿಕೊಂಡರು. ಇದರ ಪರಿಣಾಮವನ್ನು ಭೌತಶಾಸ್ತ್ರದ ನೆಲೆಯಲ್ಲಿ ನೋಡಬಹುದು. ನೆಲವೂ ಚಾವಣಿಯೂ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಸದ್ದು ಅವೆರಡರ ನಡುವೆ ಹೋಗಿ ಬಂದು ಕೆಲವು ಸ್ವರಗಳನ್ನು ಅನಗತ್ಯವಾಗಿ ಉಬ್ಬಿಸುತ್ತದೆ. ನೆಲ ಇಳಿಜಾರಾಗಿದ್ದರೆ ಆ ಪ್ರತಿಫಲನ ಚದುರಿಹೋಗುತ್ತದೆ. ಕೋಣೆಯ ಗುಣವನ್ನು ತಿಳಿದ ಮಿಚೆಲ್ ಅದನ್ನು ಬದಲಿಸಲು ಒಪ್ಪಲಿಲ್ಲ. ದಶಕಗಳ ಕಾಲ ಅದೇ ಕೋಣೆ, ಅದೇ ಜಾಗದಲ್ಲಿ ಡ್ರಮ್ಸ್. ಹೊಸ ಉಪಕರಣಗಳ ಆಸೆಗೆ ಬಿದ್ದು ಕೈಗೆ ಒಗ್ಗಿದ್ದನ್ನು ಬಿಟ್ಟುಕೊಡದ ಈ ಹಟ ಅವರ ನಾದದ ಒಂದು ಮುಖ್ಯ ಕಾರಣ.

1970ರಲ್ಲಿ ಜೋ ಕೂಗಿ ತೀರಿಕೊಂಡರು. ಆ ಬಳಿಕ ಮಿಚೆಲ್ ಸಂಸ್ಥೆಯ ಉಪಾಧ್ಯಕ್ಷರಾಗಿ, ಸ್ಟುಡಿಯೊದ ಎಲ್ಲ ತೀರ್ಮಾನಗಳಿಗೂ ಹೊಣೆಗಾರರಾದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆ 1968ರ ಏಪ್ರಿಲ್ 4ರಂದು ನಡೆದದ್ದು ಇದೇ ಮೆಂಫಿಸ್‌ನಲ್ಲಿ ಎಂಬುದನ್ನು ನೆನೆದರೆ, ಬಿಳಿಯರು ಸ್ಥಾಪಿಸಿದ ಸಂಸ್ಥೆಯೊಂದರ ಸೃಜನಶೀಲ ಚುಕ್ಕಾಣಿ ಕಪ್ಪು ಸಂಗೀತಗಾರರೊಬ್ಬರ ಕೈಗೆ ಬಂದದ್ದರ ಅರ್ಥ ಇನ್ನಷ್ಟು ತಿಳಿಯುತ್ತದೆ.

ಹೈ ರಿದಮ್ ತಂಡ

ನಿರ್ಮಾಪಕರ ಅತಿ ದೊಡ್ಡ ಆಸ್ತಿ ಅವರ ವಾದಕರು. ಮಿಚೆಲ್ ತಮ್ಮ ವಾದಕರನ್ನು ಹುಡುಕಿ ತರಲಿಲ್ಲ, ಬೆಳೆಸಿದರು. ಹಾಜಸ್ ಸಹೋದರರಲ್ಲಿ ಟೀನಿ ಎಂದು ಕರೆಯಲಾಗುತ್ತಿದ್ದ ಮೇಬನ್ ಗಿಟಾರ್ ನುಡಿಸುತ್ತಿದ್ದರು, ಚಾರ್ಲ್ಸ್ ಆರ್ಗನ್, ಲಿರಾಯ್ ಬೇಸ್. ಹದಿಹರೆಯದಲ್ಲಿಯೇ ಮಿಚೆಲ್ ಅವರ ಗರಡಿಗೆ ಬಂದ ಟೀನಿ ಅವರ ಮನೆಯವರಲ್ಲೊಬ್ಬರಂತೆ ಬೆಳೆದರು. ಕೀಬೋರ್ಡ್ ನುಡಿಸುತ್ತಿದ್ದ ಆರ್ಚಿ ಟರ್ನರ್ ಮಿಚೆಲ್ ಅವರ ಮಲಮಗ. ಡ್ರಮ್ಸ್‌ಗೆ ಹೊವಾರ್ಡ್ ಗ್ರೈಮ್ಸ್, ಆಗಾಗ ಅಲ್ ಜಾಕ್ಸನ್. ಗಾಳಿವಾದ್ಯಗಳಲ್ಲಿ ವೇಯ್ನ್ ಜಾಕ್ಸನ್, ಆಂಡ್ರೂ ಲವ್ ಮತ್ತು ಮಿಚೆಲ್ ಅವರ ತಮ್ಮ ಜೇಮ್ಸ್ ಮಿಚೆಲ್. ಹಿಮ್ಮೇಳದ ಗಾಯನಕ್ಕೆ ಡಾನಾ ರೋಡ್ಸ್, ಸಾಂಡ್ರಾ ರೋಡ್ಸ್ ಮತ್ತು ಚಾರ್ಲಿ ಚಾಮರ್ಸ್. ಹೀಗೆ ಬಹುಮಟ್ಟಿಗೆ ಒಂದು ಕುಟುಂಬವೇ ಸ್ಟುಡಿಯೊದಲ್ಲಿ ಸೇರಿತ್ತು ಎನ್ನಬಹುದು.

ಇವರ ನುಡಿಸುವಿಕೆಯ ವಿಶೇಷವನ್ನು ಕೇಳಿ ಅರಿಯಲು ಮೊದಲು ಲಯಕ್ಕೆ ಕಿವಿಗೊಡಬೇಕು. ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಒತ್ತು ಬೀಳುವುದು ಸೋಲ್ ಸಂಗೀತದಲ್ಲೆಲ್ಲ ಸಾಮಾನ್ಯ. ಮಿಚೆಲ್ ಅವರ ಮುದ್ರಣಗಳಲ್ಲಿ ಆ ಒತ್ತು ಚುರುಕಾಗಿ ಚಿಟ್ಟೆನ್ನದೆ, ದಪ್ಪವಾಗಿ, ತುಸು ಮಂಕಾಗಿ ಬೀಳುತ್ತದೆ. ಚುರುಕು ಸದ್ದಿನ ಸ್ನೇರ್ ಡ್ರಮ್ಮಿನ ಜೊತೆಗೆ ಆಳದ ಸದ್ದಿನ ಟಾಮ್ ಡ್ರಮ್ಮನ್ನೂ ಬಾರಿಸಿದ್ದೇ ಇದಕ್ಕೆ ಕಾರಣ. ಒತ್ತು ಎಣಿಕೆಗಿಂತ ಕೂದಲೆಳೆಯಷ್ಟು ತಡವಾಗಿ ಬಿದ್ದಂತೆ ಭಾಸವಾಗುತ್ತದೆ. ವೇಗ ಎಲ್ಲಿಯೂ ಏರುವುದಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ವಿಳಂಬ ಕಾಲದಲ್ಲಿ ಕಾಲಪ್ರಮಾಣ ಓಡದಂತೆ ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟವೆಂಬುದು ಗೊತ್ತು. ಇಲ್ಲಿ ಐದಾರು ಜನ ಒಟ್ಟಾಗಿ ಆ ಕಷ್ಟವನ್ನು ನಿರಾಯಾಸವೆನ್ನುವಂತೆ ನಿಭಾಯಿಸುತ್ತಾರೆ.

ಇದರ ಮೇಲೆ ಆರ್ಗನ್ ಉದ್ದವಾದ, ಮೆದುವಾದ ಸ್ವರಗಳನ್ನು ಹಾಸುತ್ತದೆ. ಗಿಟಾರ್ ಕೆಲವೇ ಸ್ವರಗಳನ್ನು ನುಡಿಸಿ ಸುಮ್ಮನಾಗುತ್ತದೆ. ಗಾಳಿವಾದ್ಯಗಳು ಸ್ಟ್ಯಾಕ್ಸ್‌ನಲ್ಲಿ ಮಾಡುವಂತೆ ಮುನ್ನುಗ್ಗದೆ ಗಾಯಕನ ಸಾಲು ಮುಗಿದ ಮೇಲೆ ಮೃದುವಾಗಿ ಉತ್ತರಿಸುತ್ತವೆ. ಪಿಟೀಲುಗಳು ಬಂದರೂ ಅವು ಹಿಂದಿನ ಸಾಲಿನಲ್ಲೇ ಉಳಿಯುತ್ತವೆ. ಯಾರಿಗೂ ತಮ್ಮ ಕೈಚಳಕ ತೋರಿಸುವ ಆತುರವಿಲ್ಲ, ಯಾಕೆಂದರೆ ಆತುರ ತೋರಿದ ಟೇಕನ್ನು (ಒಂದು ಸಲದ ಮುದ್ರಣವನ್ನು) ಮಿಚೆಲ್ ಉಳಿಸಿಕೊಳ್ಳುತ್ತಿರಲಿಲ್ಲ.

ಅಲ್ ಗ್ರೀನ್: ದನಿಯನ್ನು ಹುಡುಕಿದ ಬಗೆ

1968ರ ಸುಮಾರಿಗೆ ಮಿಚೆಲ್ ತಮ್ಮ ತಂಡದೊಂದಿಗೆ ಟೆಕ್ಸಸ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನ ಕ್ಲಬ್ಬಿನಲ್ಲಿ ನುಡಿಸುತ್ತಿದ್ದಾಗ ಅಲ್ ಗ್ರೀನ್ ಎಂಬ ಯುವ ಗಾಯಕನನ್ನು ಕಂಡರು. ಅರ್ಕನ್ಸಾದ ಫಾರೆಸ್ಟ್ ಸಿಟಿಯಲ್ಲಿ 1946ರಲ್ಲಿ ಹುಟ್ಟಿ, ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಬೆಳೆದ ಗ್ರೀನ್ ಅವರಿಗೆ 1967ರಲ್ಲಿ ‘ಬ್ಯಾಕ್ ಅಪ್ ಟ್ರೇನ್’ ಎಂಬ ಒಂದು ಗೆದ್ದ ಹಾಡಿತ್ತು. ಆಮೇಲೆ ಏನೂ ಕೈಗೂಡಿರಲಿಲ್ಲ. ಮೆಂಫಿಸ್‌ಗೆ ಬಂದರೆ ನಿನ್ನನ್ನು ದೊಡ್ಡ ಗಾಯಕನನ್ನಾಗಿ ಮಾಡುತ್ತೇನೆ ಎಂದು ಮಿಚೆಲ್ ಹೇಳಿದರಂತೆ. ಎಷ್ಟು ಕಾಲ ಬೇಕು ಎಂದು ಗ್ರೀನ್ ಕೇಳಿದ್ದಕ್ಕೆ ಹದಿನೆಂಟು ತಿಂಗಳು ಎಂದರಂತೆ. ಅಷ್ಟು ಸಮಯ ತನ್ನಲ್ಲಿಲ್ಲ ಎಂದ ಗ್ರೀನ್ ಕೊನೆಗೆ 1,500 ಡಾಲರ್ ಸಾಲ ಪಡೆದು ಊರಿಗೆ ಹೋಗಿ, ತಮ್ಮ ಬಾಕಿಗಳನ್ನು ತೀರಿಸಿಕೊಂಡು ಮೆಂಫಿಸ್‌ಗೆ ಬಂದರು. ಇಬ್ಬರೂ ಮುಂದೆ ಹಲವು ಬಾರಿ ಹೇಳಿಕೊಂಡ ಕಥೆಯಿದು.

ಇಬ್ಬರ ಮೊದಲ ಆಲ್ಬಮ್ 1969ರ ‘ಗ್ರೀನ್ ಈಸ್ ಬ್ಲೂಸ್’. ಅದನ್ನು ಕೇಳಿದರೆ ಗ್ರೀನ್ ಇನ್ನೂ ಬೇರೆಯವರಂತೆ ಹಾಡಲು ಯತ್ನಿಸುತ್ತಿದ್ದದ್ದು ತಿಳಿಯುತ್ತದೆ. ಓಟಿಸ್ ರೆಡಿಂಗ್, ಸ್ಯಾಮ್ ಕುಕ್, ಜೇಮ್ಸ್ ಬ್ರೌನ್, ವಿಲ್ಸನ್ ಪಿಕೆಟ್ ಮೊದಲಾದವರ ಆರ್ಭಟವೇ ಆಗ ಸೋಲ್ ಗಾಯನದ ಮಾದರಿಯಾಗಿತ್ತು. ಮಿಚೆಲ್ ಗ್ರೀನ್ ಅವರಿಗೆ ಪದೇ ಪದೇ ಹೇಳಿದ ಮಾತಿನ ಸಾರ ಇಷ್ಟೇ: ಅವರೆಲ್ಲರನ್ನು ಬಿಡು, ದನಿ ತಗ್ಗಿಸು, ನಿನ್ನಂತೆಯೇ ಹಾಡು. ಹಾಡುಗಾರನೊಬ್ಬನಿಗೆ ಇದಕ್ಕಿಂತ ಕಷ್ಟದ ಸಲಹೆ ಇನ್ನೊಂದಿರಲಾರದು, ಏಕೆಂದರೆ ಬಲವನ್ನು ಕೈಬಿಟ್ಟ ಮೇಲೆ ಉಳಿಯುವ ದನಿ ಎಂಥದ್ದೆಂಬುದು ಹಾಡುವವನಿಗೇ ಮೊದಲು ಗೊತ್ತಿರುವುದಿಲ್ಲ.

1971ರಲ್ಲಿ ಬಂದ, ಗ್ರೀನ್ ಅವರೇ ಬರೆದ ‘ಟಯರ್ಡ್ ಆಫ್ ಬೀಯಿಂಗ್ ಅಲೋನ್’ ಪಾಪ್ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಬಂದಿತು. ದಾರಿ ಸಿಕ್ಕಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದದ್ದು ‘ಲೆಟ್ಸ್ ಸ್ಟೇ ಟುಗೆದರ್’. ಅದರ ಸಂಗೀತ ಮಿಚೆಲ್ ಮತ್ತು ಅಲ್ ಜಾಕ್ಸನ್ ಅವರದು. ಅವರು ಕೊಟ್ಟ ವಾದ್ಯಗಳ ಕರಡು ಮುದ್ರಣವನ್ನು ಕೇಳಿ ಗ್ರೀನ್ ಸಾಹಿತ್ಯ ಬರೆದರು. ಹಾಡಿದ ಮೇಲೆ ತಮ್ಮ ದನಿ ತೀರಾ ತೆಳುವಾಗಿದೆ ಎಂದು ಗ್ರೀನ್‌ಗೆ ಅನ್ನಿಸಿತು. ಅದನ್ನು ಹಾಗೆಯೇ ಬಿಡುಗಡೆ ಮಾಡುವ ಬಗ್ಗೆ ಇಬ್ಬರ ನಡುವೆ ವಾದವೇ ನಡೆಯಿತು. ಮಿಚೆಲ್ ಪಟ್ಟು ಬಿಡಲಿಲ್ಲ. ಹಾಡು ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು, ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ ಒಂಬತ್ತು ವಾರ ಅಗ್ರಸ್ಥಾನದಲ್ಲಿ ನಿಂತಿತು. ಗಾಯಕ ದೋಷವೆಂದು ಭಾವಿಸಿದ್ದನ್ನು ನಿರ್ಮಾಪಕ ಗುಣವೆಂದು ಗುರುತಿಸಿದ ಈ ಪ್ರಸಂಗವನ್ನು ನಿರ್ಮಾಪಕರ ಕೆಲಸಕ್ಕೆ ಉತ್ತಮ ನಿದರ್ಶನವೆಂದು ನಾನು ಎಣಿಸುತ್ತೇನೆ.

ತಾಂತ್ರಿಕವಾಗಿಯೂ ಈ ಮೆಲುದನಿಗೆ ಆಧಾರವಿತ್ತು. ಮೈಕಿಗೆ ತೀರಾ ಹತ್ತಿರ ನಿಂತು ಹಾಡಿದಾಗ ಉಸಿರು, ನಾಲಿಗೆಯ ಚಲನೆ, ಸಾಲಿನ ಕೊನೆಯಲ್ಲಿ ಕರಗುವ ಸ್ವರ, ಎಲ್ಲವೂ ಟೇಪಿನ ಮೇಲೆ ಬೀಳುತ್ತವೆ. ಗ್ರೀನ್ ಅವರಿಗಾಗಿ ಮಿಚೆಲ್ 9 ಎಂಬ ಸಂಖ್ಯೆಯ ಒಂದು ನಿರ್ದಿಷ್ಟ ರಿಬ್ಬನ್ ಮೈಕನ್ನು ಮೀಸಲಿಟ್ಟಿದ್ದರು; ಆ ಬಗೆಯ ಮೈಕು ಕೀರಲು ಸ್ವರಗಳ ಚೂಪನ್ನು ತಗ್ಗಿಸಿ ದನಿಗೆ ಬೆಚ್ಚಗಿನ ಗುಣ ಕೊಡುತ್ತದೆ. ಬಹು ಟ್ರ್ಯಾಕ್‌ಗಳ ಟೇಪಿನಲ್ಲಿ ಗ್ರೀನ್ ಅವರ ದನಿಯನ್ನೇ ಮತ್ತೆ ಮತ್ತೆ ಮುದ್ರಿಸಿ, ಒಂದು ದನಿ ಸಾಹಿತ್ಯ ಹಾಡುತ್ತಿದ್ದರೆ ಇನ್ನೊಂದು ದನಿ ಅದಕ್ಕೆ ಗುನುಗಿನಲ್ಲಿ ಉತ್ತರಿಸುವಂತೆ ಜೋಡಿಸಲಾಗುತ್ತಿತ್ತು. ಗಾಯಕ ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತಿರುವಂತೆ ನಮಗೆ ಕೇಳಿಸುವುದು ಇದರಿಂದ.

ಮುಂದಿನ ಮೂರು ವರ್ಷಗಳಲ್ಲಿ ಗೆಲುವುಗಳು ಸಾಲುಗಟ್ಟಿ ಬಂದವು. 1972ರ ‘ಐ ಆ್ಯಮ್ ಸ್ಟಿಲ್ ಇನ್ ಲವ್ ವಿತ್ ಯೂ’, 1973ರ ‘ಕಾಲ್ ಮಿ’, 1974ರ ‘ಶಾ-ಲಾ-ಲಾ’ ಇವೆಲ್ಲ ಪಾಪ್ ಪಟ್ಟಿಯ ಮೊದಲ ಹತ್ತರಲ್ಲಿ ನಿಂತವು. ಇವುಗಳಲ್ಲಿ ‘ಕಾಲ್ ಮಿ’ ಹೆಸರಿನ ಆಲ್ಬಮ್ ಇಬ್ಬರ ಅತ್ಯುತ್ತಮ ಕೆಲಸವೆಂದು ನನ್ನ ನಂಬಿಕೆ.

ಇತರ ಗಾಯಕರು

ಗ್ರೀನ್ ಅವರ ಹೊಳಪಿನಲ್ಲಿ ಇತರರು ಮಸುಕಾದರು, ಅದು ನ್ಯಾಯವಲ್ಲ. ಸೇಂಟ್ ಲೂಯಿಸ್‌ನಿಂದ ಬಂದ ಆ್ಯನ್ ಪೀಬಲ್ಸ್ ಅವರ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’ 1973ರಲ್ಲಿ ಬಂದಿತು. ಒಂದು ರಾತ್ರಿ ಸಂಗೀತ ಕಛೇರಿಗೆ ಹೊರಟಾಗ ಜೋರು ಮಳೆ ಬಂದು, ಪೀಬಲ್ಸ್ ಬೇಸರದಿಂದ ಆಡಿದ ಮಾತೇ ಹಾಡಿನ ಪಲ್ಲವಿಯಾಯಿತು. ಗೀತರಚನೆಕಾರರೂ ಗಾಯಕರೂ ಆದ ಡಾನ್ ಬ್ರಯಂಟ್ ಮತ್ತು ರೇಡಿಯೊ ನಿರೂಪಕ ಬರ್ನಾರ್ಡ್ ಮಿಲ್ಲರ್ ಜೊತೆಗೂಡಿ ಅದನ್ನು ಅವರು ಪೂರ್ಣಗೊಳಿಸಿದರು. ಆರಂಭದಲ್ಲಿ ಕೇಳಿಬರುವ, ಹನಿ ತೊಟ್ಟಿಕ್ಕಿದಂಥ ಸದ್ದು ವಿದ್ಯುತ್ ಟಿಂಬಾಲ್ ಎಂಬ, ಆಗ ಹೊಸದಾಗಿದ್ದ ವಾದ್ಯದ್ದು. ಅದನ್ನು ಹಾಡಿನ ಮೊದಲಿಗೆ, ಬೇರೆ ಯಾವ ಜೊತೆಯೂ ಇಲ್ಲದೆ ನಿಲ್ಲಿಸಿದ್ದು ಮಿಚೆಲ್ ಅವರ ತೀರ್ಮಾನ. ಇಡೀ ಹಾಡಿನ ಮನಃಸ್ಥಿತಿಯನ್ನು ಕೆಲವೇ ಕ್ಷಣಗಳಲ್ಲಿ ಸ್ಥಾಪಿಸುವ ಇಂಥ ಆರಂಭ ಬಹಳ ಅಪರೂಪ. 1997ರಲ್ಲಿ ಮಿಸ್ಸಿ ಎಲಿಯಟ್ ತಮ್ಮ ‘ದ ರೇನ್’ ಹಾಡಿನಲ್ಲಿ ಈ ಮುದ್ರಣದ ತುಣುಕನ್ನು ಬಳಸಿದ್ದರಿಂದ ಹೊಸ ತಲೆಮಾರಿಗೂ ಅದು ತಲುಪಿತು.

ಗಾಸ್ಪೆಲ್ ಹಿನ್ನೆಲೆಯ ಓ. ವಿ. ರೈಟ್ ಅವರ ದನಿ ಗ್ರೀನ್ ಅವರದಕ್ಕೆ ತದ್ವಿರುದ್ಧ. ಒರಟು, ನೋವಿನಿಂದ ಬಿರುಕುಬಿಟ್ಟದ್ದು. ಅವರ ‘ಎ ನಿಕಲ್ ಆ್ಯಂಡ್ ಎ ನೇಲ್’ (1971) ಹಾಡಿನಲ್ಲಿ ಮಿಚೆಲ್ ದನಿಯನ್ನು ತಗ್ಗಿಸಲು ಹೋಗಲಿಲ್ಲ. ಗಾಯಕನನ್ನು ಕೂಗಲು ಬಿಟ್ಟು, ಸುತ್ತಲಿನ ವಾದ್ಯಗಳನ್ನು ಮಾತ್ರ ಬಿಗಿ ಹಿಡಿದರು. ಆದ್ದರಿಂದ ಮಿಚೆಲ್ ಎಲ್ಲರಿಗೂ ಒಂದೇ ಅಚ್ಚು ಹಾಕುತ್ತಿದ್ದರು ಎಂಬ ಟೀಕೆಯನ್ನು ನಾನು ಒಪ್ಪುವುದಿಲ್ಲ. ಓಟಿಸ್ ಕ್ಲೇ ಅವರ 1972ರ ‘ಟ್ರೈಯಿಂಗ್ ಟು ಲಿವ್ ಮೈ ಲೈಫ್ ವಿದೌಟ್ ಯೂ’ ಕೂಡ ಇದೇ ಕೋಣೆಯ ಫಲ. ಆದರೆ 1975ರ ಹೊತ್ತಿಗೆ ತಂಡದ ವಾದನದಲ್ಲಿ ಪುನರಾವರ್ತನೆ ಕಾಣಿಸಿಕೊಂಡಿತ್ತು ಎಂಬ ಮಾತಿನಲ್ಲಿ ಸತ್ಯವಿದೆ; ಡಿಸ್ಕೊ ಸಂಗೀತದ ಅಲೆ ಏರುತ್ತಿದ್ದಾಗ ಇಷ್ಟು ನಿಧಾನದ ನಾದಕ್ಕೆ ಮಾರುಕಟ್ಟೆಯಲ್ಲಿ ಜಾಗ ಕಿರಿದಾಗುತ್ತಿತ್ತು.

ಇಳಿಕೆ ಮತ್ತು ಉಳಿಕೆ

1974ರ ಅಕ್ಟೋಬರಿನಲ್ಲಿ ಮನೆಯಲ್ಲಿ ನಡೆದ ದುರಂತವೊಂದರಲ್ಲಿ ಗ್ರೀನ್ ತೀವ್ರ ಸುಟ್ಟಗಾಯಗಳಿಗೆ ಒಳಗಾದರು. ಧರ್ಮದ ಕಡೆಗೆ ವಾಲುತ್ತಿದ್ದ ಅವರ ಮನಸ್ಸು ಅಲ್ಲಿಂದ ಇನ್ನಷ್ಟು ಗಟ್ಟಿಯಾಯಿತು. 1976ರಲ್ಲಿ ಮೆಂಫಿಸ್‌ನಲ್ಲಿ ತಮ್ಮದೇ ಚರ್ಚಿನ ಪಾದ್ರಿಯಾದರು. 1975ರಲ್ಲಿ ಅಲ್ ಜಾಕ್ಸನ್ ತಮ್ಮ ಮನೆಯಲ್ಲಿಯೇ ಕೊಲೆಯಾದರು. 1977ರಲ್ಲಿ ಗ್ರೀನ್ ಮಿಚೆಲ್ ಅವರಿಲ್ಲದೆ ‘ದ ಬೆಲ್ ಆಲ್ಬಮ್’ ಮಾಡಿದರು. ಅದೇ ವರ್ಷ ಹೈ ರೆಕಾರ್ಡ್ಸ್ ಸಂಸ್ಥೆ ಲಾಸ್ ಏಂಜಲಿಸ್‌ನ ಕ್ರೀಮ್ ರೆಕಾರ್ಡ್ಸ್‌ಗೆ ಮಾರಾಟವಾಯಿತು. ಒಂದೊಂದಾಗಿ ಎಲ್ಲ ಕೊಂಡಿಗಳೂ ಕಳಚಿದವು. ಆದರೆ ಕೋಣೆ ಉಳಿಯಿತು. ಮಿಚೆಲ್ ರಾಯಲ್ ಸ್ಟುಡಿಯೊವನ್ನು ತಮ್ಮದಾಗಿಸಿಕೊಂಡು, 1980ರ ದಶಕದಲ್ಲಿ ವೇಲೊ ಎಂಬ ಸ್ವಂತ ಸಂಸ್ಥೆಯನ್ನೂ ನಡೆಸಿದರು. 1985ರಲ್ಲಿ ಗ್ರೀನ್ ಅವರ ‘ಹಿ ಈಸ್ ದ ಲೈಟ್’ ಎಂಬ ಗಾಸ್ಪೆಲ್ ಆಲ್ಬಮ್ಮಿಗಾಗಿ ಇಬ್ಬರೂ ಮತ್ತೆ ಒಂದಾದರು. ಬ್ಲೂ ನೋಟ್ ಸಂಸ್ಥೆಗಾಗಿ 2003ರಲ್ಲಿ ‘ಐ ಕಾಂಟ್ ಸ್ಟಾಪ್’, 2005ರಲ್ಲಿ ‘ಎವೆರಿಥಿಂಗ್ಸ್ ಓಕೆ’ ಆಲ್ಬಮ್‌ಗಳನ್ನು ಅದೇ ಸ್ಟುಡಿಯೊದಲ್ಲಿ ಮಾಡಿದರು.

2004ರಲ್ಲಿ ಸ್ಟುಡಿಯೊ ಇರುವ ಬೀದಿಯ ಭಾಗಕ್ಕೆ ಮಿಚೆಲ್ ಅವರ ಹೆಸರನ್ನು ಇಡಲಾಯಿತು. 2008ರಲ್ಲಿ ಅವರಿಗೆ ಗ್ರ್ಯಾಮಿ ಸಂಸ್ಥೆಯ ಟ್ರಸ್ಟೀಸ್ ಪ್ರಶಸ್ತಿ ದೊರೆಯಿತು. 2010ರ ಜನವರಿ 5ರಂದು, 81ನೆಯ ವಯಸ್ಸಿನಲ್ಲಿ, ಮೆಂಫಿಸ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಹೊರಬಂದ ಸಾಲೊಮನ್ ಬರ್ಕ್ ಅವರ ‘ನಥಿಂಗ್ಸ್ ಇಂಪಾಸಿಬಲ್’ ಅವರ ಕೊನೆಯ ಕೆಲಸಗಳಲ್ಲೊಂದು. ಸ್ಟುಡಿಯೊದ ಹೊಣೆ ಅವರ ಮನೆಯಲ್ಲಿ ಮಗನಾಗಿ ಬೆಳೆದ ಲಾರೆನ್ಸ್ ‘ಬೂ’ ಮಿಚೆಲ್ ಅವರದಾಯಿತು. ಮಾರ್ಕ್ ರಾನ್ಸನ್ ಮತ್ತು ಬ್ರೂನೊ ಮಾರ್ಸ್ ಅವರ ‘ಅಪ್‌ಟೌನ್ ಫಂಕ್’ (2014) ಹಾಡಿನ ಮುದ್ರಣದ ಒಂದು ಭಾಗ ಇಲ್ಲಿಯೇ ನಡೆಯಿತು. 2016ರಲ್ಲಿ ಅದಕ್ಕೆ ವರ್ಷದ ಧ್ವನಿಮುದ್ರಿಕೆಯ ಗ್ರ್ಯಾಮಿ ಬಂದಾಗ ಎಂಜಿನಿಯರುಗಳ ಸಾಲಿನಲ್ಲಿ ಬೂ ಮಿಚೆಲ್ ಅವರ ಹೆಸರೂ ಇತ್ತು.

ಕೇಳಿ ಕಲಿಯುವ ಕ್ರಮ

ಓದಿದ್ದನ್ನು ಕಿವಿಯಿಂದ ಪರೀಕ್ಷಿಸದೆ ಸಂಗೀತದ ಅಧ್ಯಯನ ಮುಂದೆ ಸಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮೊದಲು ‘20-75’ ಕೇಳಿ, ಗಾಯಕನಿಲ್ಲದ ತಂಡದ ಲಯವನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಬಳಿಕ ಗ್ರೀನ್ ಅವರ ‘ಲವ್ ಆ್ಯಂಡ್ ಹ್ಯಾಪಿನೆಸ್’ ಹಾಡಿನ ಆರಂಭಕ್ಕೆ ಬರಬೇಕು. ಅಲ್ಲಿ ಟೀನಿ ಹಾಜಸ್ ಗಿಟಾರ್ ನುಡಿಸುತ್ತ, ಮರದ ಪೆಟ್ಟಿಗೆಯ ಮೇಲೆ ಕಾಲು ತಟ್ಟಿ ಎಣಿಕೆ ಕೊಡುವುದು ಕೇಳಿಸುತ್ತದೆ. ಅದನ್ನು ಅಳಿಸದೆ ಉಳಿಸಿಕೊಂಡದ್ದರಿಂದ ಹಾಡಿನ ವೇಗವನ್ನು ಡ್ರಮ್ಸ್ ಬರುವ ಮೊದಲೇ ನಮ್ಮ ಮೈ ಹಿಡಿದುಕೊಂಡಿರುತ್ತದೆ. ನಂತರ ‘ಲೆಟ್ಸ್ ಸ್ಟೇ ಟುಗೆದರ್’ ಹಾಡನ್ನು ಮೂರು ಬಾರಿ ಕೇಳಿ, ಒಂದು ಸಲ ಡ್ರಮ್ಸ್, ಒಂದು ಸಲ ಆರ್ಗನ್, ಒಂದು ಸಲ ಗಾಯಕನ ದನಿಯನ್ನು ಮಾತ್ರ ಹಿಂಬಾಲಿಸಬೇಕು. ಅದರ ಬೆನ್ನಿಗೇ ಟೀನಾ ಟರ್ನರ್ ಅವರ 1983ರ ಆವೃತ್ತಿಯನ್ನು ಕೇಳಿದರೆ, ಸಿಂಥಸೈಸರುಗಳ ನಡುವೆ ಅದೇ ಸ್ವರಗಳು ಎಷ್ಟು ಬೇರೆಯಾಗುತ್ತವೆ ಎಂಬುದು ತಿಳಿಯುತ್ತದೆ.

ಕೊನೆಯ ಅಭ್ಯಾಸವೇ ಅತ್ಯಂತ ಉಪಯುಕ್ತವಾದದ್ದು. ಗ್ರೀನ್ ಮತ್ತು ಟೀನಿ ಹಾಜಸ್ ಸೇರಿ ಬರೆದ ‘ಟೇಕ್ ಮಿ ಟು ದ ರಿವರ್’ ಹಾಡನ್ನು ಮಿಚೆಲ್ ಎರಡು ಬಾರಿ ಮುದ್ರಿಸಿದರು: 1974ರಲ್ಲಿ ಗ್ರೀನ್ ಅವರಿಂದ, 1975ರಲ್ಲಿ ಸಿಲ್ ಜಾನ್ಸನ್ ಅವರಿಂದ. ನಿರ್ಮಾಪಕರೂ ಕೋಣೆಯೂ ಒಂದೇ. ಗಾಯಕರು ಮಾತ್ರ ಬೇರೆ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡಾಗಿ, ಹೊರಬಂದು ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯ ಮೊದಲ ಹತ್ತಕ್ಕೆ ಏರಿದ್ದು ಜಾನ್ಸನ್ ಅವರದು. ಗ್ರೀನ್ ಸಾಲಿನ ಹಿಂದೆ ಸರಿದು, ಪದಗಳನ್ನು ಅರ್ಧ ನುಂಗಿ ಹಾಡುತ್ತಾರೆ. ಜಾನ್ಸನ್ ಬ್ಲೂಸ್ ಗಾಯಕನ ನೇರ ಒತ್ತಿನಿಂದ ಸಾಲನ್ನು ಹಿಡಿಯುತ್ತಾರೆ, ನಡುವೆ ಹಾರ್ಮೊನಿಕಾ ನುಡಿಸುತ್ತಾರೆ. ಎರಡನ್ನೂ ಒಂದಾದ ಮೇಲೊಂದು ಕೇಳಿ, ವಾದ್ಯಗಳಲ್ಲಿ ಏನು ಬದಲಾಗಿದೆ, ಏನು ಬದಲಾಗದೆ ಉಳಿದಿದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮಾತುಗಳಲ್ಲಿ ಬರೆದುಕೊಳ್ಳಬೇಕು. ಬದಲಾಗದೆ ಉಳಿದ ಆ ಭಾಗದಲ್ಲಿ, ಅಂದರೆ ಬೇಸ್ ಮತ್ತು ಡ್ರಮ್ಸ್‌ಗಳ ನಡುವೆ ಬಿಟ್ಟಿರುವ ತೆರಪಿನಲ್ಲಿ, ಮಿಚೆಲ್ ಅವರ ಕೆಲಸ ನೇರವಾಗಿ ಕೇಳಿಸುತ್ತದೆ.